ಕೆನೆಬಣ್ಣದ ಕಲ್ಲು

ಓಲ್ಡಮ್ಮಿನ ಆ ಬೀದಿಯಲ್ಲಿ ಮನೆಗೊಂದೇ ಮೆಟ್ಟಿಲು.
ಅದರಾಚೆ ಕಾಲುಹಾದಿ, ಹಾದಿಯಾಚೆ ಗಿರಣಿ,
ಗಿರಣಿಯಾಚೆ ಏನಿದೆಯೆಂದು ಹೊಗೆ ಒಂದು ದಿನವೂ ತೋರಿಸಿದ್ದಿಲ್ಲ.

ಶುಕ್ರವಾರ ಬಂತೆಂದರೆ ಅಜ್ಜಿ ಡಾರ್ಕಸ್
ಗೋಣಿತಾಟು ಮಡಿಸಿ ಮಂಡಿಯೂರುತ್ತಿದ್ದಳು,
ಚರ್ಚಿನಲ್ಲಿ ಊರುವುದಕ್ಕಿಂತ ಹೆಚ್ಚು ಹೊತ್ತು.
ಮೊದಲು ಬ್ರಷ್ಷು, ಆಮೇಲೆ ಅರಿವೆ,
ಒದ್ದೆ ಆರುವ ಮೊದಲೇ ಕಲ್ಲು,
ಎಡದಿಂದ ಬಲಕ್ಕೆ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ
ಎನ್ನಲಾರೆ: ಅಷ್ಟು ದಪ್ಪ ಬೆಣ್ಣೆ ನಾನು ಕಂಡಿರಲಿಲ್ಲ.

ಕಲ್ಲು ತರುತ್ತಿದ್ದವನು ಚಿಂದಿ ಗಾಡಿಯವನು.
ತಾತನ ಹರಿದ ಅಂಗಿ ಕೊಟ್ಟರೆ ಒಂದು ಕಲ್ಲು;
ಉಣ್ಣೆಯದಾದರೆ ಎರಡು.

ಒಳಗೆ? ಒಳಗೆ ನಾವು ಏಳು ಜನ, ಎರಡು ಹಾಸಿಗೆ,
ಶನಿವಾರ ಒಲೆಯ ಮುಂದೆ ತಗಡಿನ ತೊಟ್ಟಿ,
ಕೊನೆಗೆ ಇಳಿದವರಿಗೆ ಬೂದಿಬಣ್ಣದ ನೀರು.
ಗಡಿಯಾರ ಸೋಮವಾರ ಗಿರವಿಗೆ ಹೋಗಿ
ಶುಕ್ರವಾರ ಮರಳುತ್ತಿತ್ತು, ಹೊತ್ತು ಮರೆತು.
ಬೀದಿ ಅದನ್ನೆಲ್ಲ ಓದುತ್ತಿರಲಿಲ್ಲ.
ಬೀದಿ ಓದುತ್ತಿದ್ದದ್ದು ಮೆಟ್ಟಿಲನ್ನು.

ಪಕ್ಕದ ಏಡಾ ಪಿಲ್ಲಿಂಗಳ ಮೆಟ್ಟಿಲು ಅಚ್ಚ ಬಿಳಿ.
"ಆಸ್ಪತ್ರೆ ಇದ್ದ ಹಾಗಿದೆ" ಅನ್ನುತ್ತಿದ್ದಳು ಅಜ್ಜಿ, ಗೋಡೆಗೆ ಕೇಳಿಸುವಷ್ಟು ಜೋರಾಗಿ.
ಬಟ್ಟೆಹಗ್ಗದ ಒಂದು ಗೂಟಕ್ಕಾಗಿ
ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ.
ಆದರೂ ಅವಳ ರಾತ್ರಿಯ ಕೆಮ್ಮು ಇವಳಿಗೆ ಗೊತ್ತು,
ಇವಳು ಒಲೆ ಕೆದಕುವ ಹೊತ್ತು ಅವಳಿಗೆ.

ಚಿಕ್ಕಮ್ಮ ಎಸ್ತರ್ ಹೆರಿಗೆಯಲ್ಲಿ ತೀರಿಕೊಂಡ ವಾರವೂ
ಶುಕ್ರವಾರ ಬಂತು. ಅಜ್ಜಿ ಏಳಲಿಲ್ಲ.
ಗೋಣಿತಾಟು ಮೊಳೆಯಲ್ಲೇ, ಬಕೆಟ್ಟು ಕವುಚಿದಂತೆಯೇ.
ಪೆಟ್ಟಿಗೆ ಹೊತ್ತವರ ಬೂಟಿನ ಕೆಸರು
ಮೆಟ್ಟಿಲ ಮೇಲೆ ಒಣಗಿ ಗಟ್ಟಿಯಾಗಿತ್ತು.
ಹಾದುಹೋಗುವವರ ಹೆಜ್ಜೆ ನಮ್ಮ ಬಾಗಿಲ ಮುಂದೆ
ಒಂದಿಷ್ಟು ತಡವರಿಸಿ ಮುಂದಾಗುತ್ತಿತ್ತು.

ಮರುದಿನ ಬೆಳಗ್ಗೆ ಐದೂವರೆ,
ಗಿರಣಿಗೆ ಎಬ್ಬಿಸುವವನ ಉದ್ದ ಕೋಲು
ಕಿಟಕಿಗೆ ಟಕಟಕ ಬಡಿದಾಗ ಬಾಗಿಲು ತೆಗೆದೆ.
ಮೆಟ್ಟಿಲು ಬೆಳ್ಳಗಿತ್ತು.
ಇನ್ನೂ ಆರಿರಲಿಲ್ಲ.

ಅಜ್ಜಿ ಶಾಲು ಹೊದ್ದು ಬಂದು ನಿಂತು
ತುಂಬ ಹೊತ್ತು ನೋಡಿದಳು. ಆಮೇಲೆ ಅಂದಳು:
"ನಮ್ಮದು ಕೆನೆಬಣ್ಣ ಅಂತ ಅವಳಿಗೆ ಗೊತ್ತಿಲ್ಲವೇ?"

ಗಾಡಿಯವನು ಬಂದಾಗ ಒಳಗಿಂದ
ಎಸ್ತರಳ ಮೊಣಕೈ ಸವೆದ ಕೋಟು ತಂದಳು. ಉಣ್ಣೆಯದು.
ಎರಡು ಕಲ್ಲು: ಒಂದು ಕೆನೆ,
ಒಂದು ಬಿಳಿ.

ಅಂದಿನಿಂದ ಪ್ರತಿ ಶುಕ್ರವಾರ ನಮ್ಮ ಮೆಟ್ಟಿಲು ಕೆನೆಬಣ್ಣವೇ,
ಏಡಾಳ ಗೋಡೆಯ ಕಡೆ ಒಂದು ಗೇಣು ಬಿಟ್ಟು.
ಆ ಗೇಣನ್ನು ನಾವು ಮಕ್ಕಳು, ಯಾರೂ ಹೇಳಿಕೊಡದೆ,
ತುಳಿಯದೆ ದಾಟುತ್ತಿದ್ದೆವು.

ಮಾತು? ಇಲ್ಲ.
ಗೂಟದ ಜಗಳ ಇನ್ನೂ ಇತ್ತು.