ಕೊಸರು

ಈರೀ ಸರೋವರದ ಕಡೆಯಿಂದ ಹಿಮ
ನೆಟ್ಟಗೆ ಬೀಳದೆ ಅಡ್ಡಡ್ಡ ಬೀಸುವ ಬಫಲೋದಲ್ಲಿ
ಮಾರನೆಯ ಮಧ್ಯಾಹ್ನ ಮೂರಕ್ಕೆ ಸಂತೆ ಮುಗಿಯುವುದಿತ್ತು.
ಆಮೇಲೆ ಕೊಡುವಂತಿಲ್ಲ, ಕೊಳ್ಳುವಂತಿಲ್ಲ,
ಇದ್ದವರನ್ನೇ ಕಟ್ಟಿಕೊಂಡು ಏಪ್ರಿಲ್‌ವರೆಗೆ ಏಗಬೇಕು.

ನಾನು ಲೋರ್ನಾ ವೊಯ್ಚಿಕ್. ಚೆಂಡು ಮುಟ್ಟಿದವಳಲ್ಲ.
ಹತ್ತೊಂಬತ್ತು ವರ್ಷದಿಂದ ಈ ತಂಡದ ಲೆಕ್ಕ ನನ್ನದು:
ಯಾರಿಗೆಷ್ಟು, ಎಷ್ಟು ವರ್ಷಕ್ಕೆ, ಗೆರೆ ಎಲ್ಲಿದೆ,
ಗೆರೆ ದಾಟಿದರೆ ದಂಡವೆಷ್ಟು.
ಗೋಡೆಯ ತಗಡಿನ ಮೇಲೆ ಹದಿನೈದು ಅಯಸ್ಕಾಂತದ ಬಿಲ್ಲೆ,
ಬಿಲ್ಲೆಗೊಂದು ಹೆಸರು. ಹದಿನಾರನೆಯದಕ್ಕೆ ಜಾಗವಿಲ್ಲ.

ಚೆಂಡು ಪುಟಿಸಿಕೊಂಡು ಓಡುವವರು ನಮ್ಮಲ್ಲಿ ಆರು ಮಂದಿ,
ಬುಟ್ಟಿಯ ಕೆಳಗೆ ಕಂಬವಾಗಿ ನಿಲ್ಲುವವನು ಒಬ್ಬನೂ ಇಲ್ಲ.
ಟಲ್ಸಾದಲ್ಲಿ ಒಬ್ಬನಿದ್ದ: ಏಳಡಿ ಒಂದಿಂಚು,
ಹದಿನೇಳು ಮಿಲಿಯನ್, ಎಡಮೊಣಕಾಲಿಗೆ ಎರಡು ಸಲ ಕತ್ತರಿ.
ಅವನನ್ನು ಈ ತಟ್ಟೆಗಿಟ್ಟರೆ ಆ ತಟ್ಟೆಗೆ ಯಾರು?

ಸಂಜೆ ಐದರಿಂದ ಕಪ್ಪೆ ತೂಗಿದೆ.
ಕೀಲನ್‌ನನ್ನು ಇಟ್ಟೆ, ಸಾಲದು. ಮ್ಬಾಯೆಯನ್ನು ಸೇರಿಸಿದೆ,
ಮಾಲೀಕರ ಮಗಳಿಗೆ ಅವನ ಆಟ ಇಷ್ಟವಂತೆ, ಹಾರಿ ಹೊರಬಿದ್ದ.
ಬೋಯ್ಸಿಯವರನ್ನು ಮೂರನೆಯವರಾಗಿ ಎಳೆತಂದೆ,
ಅವರು ಆಗಲಿ ಎನ್ನುವಷ್ಟರಲ್ಲಿ ಟಲ್ಸಾ ಊಹೂಂ ಎಂದಿತು.

ರಾತ್ರಿ ಒಂದೂವರೆಗೆ ತಕ್ಕಡಿ ನಿಂತಿತು. ನಿಂತಂತೆ ಕಂಡಿತು.
ಇಬ್ಬರು ಹುಡುಗರು, ಮುಂದೆಂದೋ ಆರಿಸಿಕೊಳ್ಳಬಹುದಾದ ಇನ್ನೊಬ್ಬ,
ಅವನು ಈಗ ಯಾವ ಊರಲ್ಲೋ ಎಂಟನೇ ತರಗತಿ ಓದುತ್ತಿರಬೇಕು.
ಮುಳ್ಳು ಮಾತ್ರ ಒಂಬತ್ತು ಲಕ್ಷ ಡಾಲರಿನಷ್ಟು ವಾಲಿತ್ತು.
ನಮ್ಮ ಕಡೆಯಿಂದ ಒಂದಿಷ್ಟು ಕೊಸರು ಬೇಕು.

ಓರಿನ್ ಪೆಟ್‌ವೇ. ಹನ್ನೆರಡನೆಯ ಬಿಲ್ಲೆ.
ಮೂವತ್ತೈದು ವರ್ಷ, ಪಂದ್ಯಕ್ಕೆ ನಾಲ್ಕು ನಿಮಿಷ,
ಅದೂ ಆಗಲೇ ಗೆದ್ದಾಗಿದ್ದರೆ, ಇಲ್ಲಾ ಸೋತಾಗಿದ್ದರೆ.
ಹೊಸ ಹುಡುಗರಿಗೆ ಟೈ ಕಟ್ಟಲು ಕಲಿಸುತ್ತಿದ್ದವನು.
ನನ್ನ ಕಾರಿನ ಹಿಮ ಕೆರೆದು ಹೇಳದೆ ಹೋಗುತ್ತಿದ್ದ,
ಮಾಡಿನ ನಟ್ಟನಡುವೆಯೂ ಸ್ವಚ್ಛವಾಗಿದ್ದರೆ ಅವನೇ;
ಅಷ್ಟು ಉದ್ದದ ಕೈ ಅಷ್ಟು ಬೆಳಿಗ್ಗೆ ಬೇರೆ ಯಾರದೂ ಬರುತ್ತಿರಲಿಲ್ಲ.
ಅಕ್ಟೋಬರಿನಲ್ಲಿ ಬಾಡಿಗೆ ಮನೆಯ ಹಿತ್ತಲಿಗೆ ಬೆಳ್ಳುಳ್ಳಿ ಊರಿದ್ದ.
"ಜುಲೈಗೆ ಕೀಳೋದು. ನಿನಗೂ ಒಂದು ಜಡೆ ಹೆಣೆದುಕೊಡ್ತೀನಿ."
ಹನ್ನೊಂದು ವರ್ಷದಲ್ಲಿ ಏಳು ಊರು,
ಏನನ್ನಾದರೂ ನೆಟ್ಟಿದ್ದು ಇದೇ ಮೊದಲಂತೆ.

ಅವನನ್ನು ಯಾರೂ ಕೇಳಿರಲಿಲ್ಲ, ಟಲ್ಸಾದವರೂ.
ಬೇಕಾಗಿದ್ದದ್ದು ಅವನ ಸಂಬಳ.
ಬೇರೆ ದಾರಿ ಹುಡುಕಿದೆ ಅನ್ನಲೇ?
ಹುಡುಕಿದೆ. ಇಪ್ಪತ್ತು ನಿಮಿಷ. ಆಮೇಲೆ ನಿದ್ದೆ ಬಂತು.

ಎರಡು ಐವತ್ತೊಂದಕ್ಕೆ ಫೋನಿಟ್ಟು ಕೈ ಕುಲುಕಿದರು.
ಬಿಲ್ಲೆ ಕಿತ್ತೆ. ತಗಡಿನ ಮೇಲೆ ದುಂಡಗೆ ತುಸು ಬಿಳಿ.
ಓರಿನ್ ಎರಡು ಚೀಲ ಹೊತ್ತು, ಬಾಗಿಲಿಗೆ ತಲೆ ತಗ್ಗಿಸಿ,
"ಲೆಕ್ಕ ಸರಿಹೋಯ್ತಾ?" ಎಂದ.
ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಹೊಳೆಯುತ್ತಿತ್ತು.

ಕಂಬ ಹನ್ನೊಂದು ಪಂದ್ಯ ನಿಂತಿತು. ಅದೇ ಎಡಮೊಣಕಾಲು.
ಹಾಗಂತ ಲೆಕ್ಕ ತಪ್ಪಿತ್ತು ಅನ್ನಲಾರೆ,
ಇವತ್ತು ಕೇಳಿದರೂ ಅದನ್ನೇ ಬರೆದುಕೊಟ್ಟೇನು.

ಜುಲೈನಲ್ಲಿ ಆ ಹಿತ್ತಲಿಗೆ ಹೋದೆ. ಹೊಸ ಬಾಡಿಗೆದಾರ
ಹುಲ್ಲು ಕತ್ತರಿಸುವ ಯಂತ್ರವನ್ನು ಮೂಲೆಯವರೆಗೂ ಓಡಿಸಿಬಿಟ್ಟಿದ್ದ.
ಬರಿಗೈಯಲ್ಲಿ ಕೆದಕಿದರೆ ಏಳು ಗಡ್ಡೆ, ಸಣ್ಣವು,
ಜಡೆ ಹೆಣೆಯಲು ದಂಟೇ ಇಲ್ಲ.
ಟಲ್ಸಾದಲ್ಲೂ ಅವನಿಲ್ಲ, ಮಾರ್ಚಿನಲ್ಲೇ ಬಿಟ್ಟುಬಿಟ್ಟರಂತೆ.
ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟೆ, ಯಾಕೋ,
ಅಂಕಿ ನೋಡದೆ ತೆಗೆದೆ.

ಮಾರನೆಯ ಬೆಳಿಗ್ಗೆ ಹೊಸ ವರ್ಷದ ಹಾಳೆ ತೆರೆದೆ.
ಹದಿಮೂರು ಹೆಸರು, ಎರಡು ಖಾಲಿ.
ಬೆರಳಿಗೆ ಇನ್ನೂ ಘಾಟು.