ಓ ಅನ್ನದ ಗಂಟೆ

ಬ್ರನೋ ಪಟ್ಟಣದ ಟ್ರಾಮ್ ಡಿಪೋ ಹಿಂದೆ, ಮೂರನೇ ಮಹಡಿ.
ಬ್ಲಾಜೆನಾ ಇಗರ್ಜಿ ಗಂಟೆಗಳ ಪಟ್ಟಿ ಮಾಡುತ್ತಾಳೆ ಲೇಟೆಕ್‌ನಲ್ಲಿ,
ಒಂದೊಂದಕ್ಕೂ ಒಂದು ಲೇಬಲ್ಲು:
ಊರು, ಎರಕದ ವರ್ಷ, ತೂಕ, ಸ್ವರ,
ಅಂಚಿನಲ್ಲಿ ಬಿರುಕಿದ್ದರೆ ಅದೂ.

ಬರಿಯ ಪುಟದ ಅಂಕಿ ಸಾಲದು ಅವಳಿಗೆ.
"ನಲವತ್ತೊಂದನೇ ಪುಟ ನೋಡಿ ಅಂದರೆ ಯಾರು ನೋಡುತ್ತಾರೆ?
ಹೆಸರು ಹಿಡಿದು ಕರೆದರೆ
ತೂಕ, ಸ್ವರ ಸಮೇತ ಓ ಅನ್ನಬೇಕು."
ಅದಕ್ಕೆಂದೇ ಮೂರು ವಾರ ಕೂತು ಒಂದು ಕಮಾಂಡ್ ಬರೆದಳು,
ಚಹಾ ಆರುತ್ತ, ಮತ್ತೆ ಬಿಸಿಯಾಗುತ್ತ, ಮತ್ತೆ ಆರುತ್ತ.

ಮೊದಲ ಸಲ ಓಡಿಸಿದಾಗ ಎಲ್ಲೆಲ್ಲೂ ??
ಕರೆದದ್ದು ಕೇಳಿಸಿದೆ, ಯಾರನ್ನೆಂದು ತಿಳಿದಿಲ್ಲ ಇನ್ನೂ.
ಪಕ್ಕದ ಕಡತದಲ್ಲಿ ಸುಮ್ಮನೆ ಗುರುತು ಹಾಕಿಕೊಳ್ಳುತ್ತದೆ,
ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರ ಹಾಗೆ.
ಎರಡನೇ ಸಲಕ್ಕೆ ಒಂದೊಂದೇ ಓಗೊಡುತ್ತವೆ:
ಮುನ್ನೂರ ಹತ್ತು ಕಿಲೋ, ಎಫ್ ಸ್ವರ, ಕೊಂಚ ಇಳಿದದ್ದು.

ಒಂದು ಮಾತ್ರ ಉಳಿಯಿತು.
ಹ್ರಾಬಿನೆತ್ಸ್ ಹಳ್ಳಿಯ ಕಿರಿಗಂಟೆ.
ಯುದ್ಧದ ವರ್ಷ ಇಳಿಸಿ ಒಯ್ದರು, ಕರಗಿಸಿದರು.
ಅದನ್ನು ಕರೆಯುವ ಸಾಲು ಹನ್ನೊಂದು:
ಅದರ ಜೋಡಿ, ಅದರ ಕುಲುಮೆಯಲ್ಲೇ ಎರೆದದ್ದು,
ಅದು ಬಾರಿಸಿದ ಮೇಲಷ್ಟೇ ಬಾರಿಸುತ್ತಿದ್ದುದು.

"ಸುಳ್ಳಿಗೊಂದು ಲೇಬಲ್ಲು ಹಾಕಿಬಿಡು" ಅಂದೆ ನಾನು,
ಗುರುವಾರವೇ ಪ್ರೆಸ್ಸಿಗೆ ಕೊಡಬೇಕಿತ್ತು.
ತೂಕ ಗೊತ್ತಿಲ್ಲ, ಅಂದಳು. ಸ್ವರ ಕೇಳಿದವರು
ಒಬ್ಬರಿದ್ದರು, ಹೋದ ಚಳಿಗಾಲ ತೀರಿಕೊಂಡರು.

ಅಚ್ಚಾದ ಪುಸ್ತಕದಲ್ಲಿ ಹನ್ನೊಂದು ಕಡೆ
ದಪ್ಪಕ್ಷರದ ?? ಹಾಗೇ ಇದೆ.
ತಪ್ಪು ತೋರಿಸಿ ಓದುಗರ ಕಾಗದ ಬರುತ್ತದೆ ಆಗಾಗ.
ಅವಳು ತಪ್ಪದೆ ಉತ್ತರಿಸುತ್ತಾಳೆ:
ಊರಿನ ಹೆಸರು, ವರ್ಷ.