ಹಸನ

ಬಿಸಲು ಕಟ್ಟಿ ಇಳದು ಗಲ್ಲಿಗೆ ಹೋದ ಮ್ಯಾಲ
ಜಗದೇವಿ ಮೊರದ ತುಂಬ ತೊಗರಿಬ್ಯಾಳಿ ತಂದು ಮುಂದಿಡತಾಳ:
"ಅತ್ತಿ, ಜರಾ ಹಸನ ಮಾಡು,
ನಿನ್ನಂಥ ಕೈ ಈ ಓಣ್ಯಾಗ ಯಾರಿಗದ?"

ಇತ್ತವ್ವ, ಇತ್ತು.
ಕಲಬುರಗಿ ಗಂಜಿನ್ಯಾಗ ಮೂವತ್ತೊಂದು ವರ್ಷ,
ತಗಡಿನ ಸೂರಿನ ಕೆಳಗ ಸಾಲಾಗಿ ಕುಂತು,
ಚೀಲಕ್ಕ ಇಷ್ಟು ಅಂತ ಕೂಲಿ.
ಕಣ್ಣು ನೋಡೂಕಿಂತ ಮೊದಲ ಬೆರಳು ಹಿಡೀತಿತ್ತು
ಹಳ್ಳು, ಮಣ್ಣಿನ ಹೆಂಟಿ, ಹುಳ ತಿಂದ ಕಾಳು,
ಮಾತಾಡಕೋತ, ನಗಕೋತ,
ರಸೂಲಬಿಯ ಎಲಿಚಂಚಿಯಿಂದ ಅಡಕಿ ಕದಕೋತ.

ಆಮ್ಯಾಲ ಒಂದು ಮಿಶೀನ ಬಂತು.
ಅದಕ್ಕ ಕಣ್ಣದ ಅಂದ್ರು, ಉಸರೂ ಅದ ಅಂದ್ರು.
ಕರೀ ಕಾಳು ಕಂಡ್ರ ಉಫ್ ಅಂತ ಊದಿ
ಆಚಿಗೆ ಹಾರಸತದಂತ.
ಸೇಠ ಕೈಮುಗದು, ಒಂದು ಸೀರಿ ಕೊಟ್ಟು ಕಳಿಸಿದ.
ಛಲೋ ಸೀರಿ. ಇನ್ನೂ ಅದ.

ಅವತ್ತಿನಿಂದ ಒಂದೊಂದ ಹೋಗಕೋತ ಬಂದಾವ, ದೇವರ.
ಮೊದಲ ಹಲ್ಲು. ಆಮ್ಯಾಲ ರಸೂಲಬಿ.
ಆಮ್ಯಾಲ ಎಡಗಿವಿ, ಅದರ ಹಿಂದ
ನಮ್ಮ ಮನ್ಯಾವ್ರು, ಚಾದ ಕಪ್ಪು ಅರ್ಧಕ್ಕ ಬಿಟ್ಟು.
ಸಾಲು ತಪ್ಪಿರಬೇಕು. ಮನ್ಯಾವ್ರು ಮೊದಲೇನೋ.
ಈಗ ಹೆಸರು ಹೊಂಟಾವ.
ನಿನ್ನಿ ಮೊಮ್ಮಗಳನ್ನ ನನ್ನ ತಂಗಿ ಹೆಸರಿಲೆ ಕರದೆ,
ಅದು "ಆಂ" ಅಂತು,
ಬಂದು ಬಾಜೂಕ ಕುಂತಿತು.

ಕಣ್ಣಾಗ ಅಂಬಲಿ ಹೊಯ್ದಂಗ ಅದ.
ಡಾಕ್ಟರ ಪೊರಿ ತಗದ, ತಗದ ಮ್ಯಾಲನೂ
ಬ್ಯಾಳಿ, ಹಳ್ಳು, ಎಲ್ಲಾ ಒಂದೇ ಹಳದಿ.
ಬೆರಳಿನ ತುದಿಗೂ ಮರವು ಬಂದದ.

ಮೊದಮೊದಲು ನಿನಗ ಬೈದೆ, ಸುಳ್ಳ ಯಾಕ ಹೇಳಲಿ.
ದೀಪ ಹಚ್ಚತಿದ್ದೆ. ಬೈಕೋತ ಹಚ್ಚತಿದ್ದೆ.
ಸೇಠ ಸುದ್ದಾ ಕೊಟ್ಟ ಸೀರಿ ತಿರುಗಿ ಕೇಳಲಿಲ್ಲ,
ನೀ ಎಂಥಾ ಸಾವಕಾರ,
ಕೊಟ್ಟದ್ದೆಲ್ಲ ಚಿಲ್ಲರಿ ಚಿಲ್ಲರಿ ವಸೂಲ ಮಾಡತಿ ಅಂತ.

ಮೊನ್ನಿ ಅಮಾಸಿ ದಿನ
ಮೊರ ಒಳಗ ಕಳಿಸಿ, ನೀರಡಿಕಿ ಆಗಿ ಎದ್ದು ಹೋದೆ.
ಜಗದೇವಿ ಕಿಡಕಿ ಬೆಳಕಿಗೆ ಕುಂತು
ನಾ ಹಸನ ಮಾಡಿದ ಬ್ಯಾಳಿ
ಮತ್ತೊಮ್ಮಿ ಹಸನ ಮಾಡಲಿಕತ್ತಿದ್ಲು.
ಒಂದು ಮುಟಗಿ ಹಳ್ಳು ತಗದಿದ್ಲು,
ತಾಟಿನ್ಯಾಗ ಅಲ್ಲ, ಸೆರಗಿನ್ಯಾಗ.
ತಾಟಿನ್ಯಾಗ ಬಿದ್ರ ನಂಗ ಕೇಳತದಂತ.
ಕೇಳೂ ಕಿವಿ ಉಳದದ್ದು ಒಂದ. ಅಷ್ಟಕ್ಕ ಅಂಜಿದ್ಲು.

ನೀರು ಕುಡೀದ ಹಿಂದಕ್ಕ ಬಂದೆ. ಹೊರಸಿನ ಮ್ಯಾಲ ಕುಂತೆ.
ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಎಷ್ಟು ದಿನದಿಂದ ಹಿಂಗ ನಡದದ?
ಆರು ತಿಂಗಳು? ವರ್ಷ?
ವರ್ಷದಿಂದ ಈ ಮನ್ಯಾಗ ಯಾರ ಹಲ್ಲಿಗೂ ಹಳ್ಳು ಸಿಕ್ಕಿಲ್ಲ,
ಅದು ನನ್ನ ಕಸಬು ಅಂತ ಬೀಗಿದ್ದೆ.

ಅವತ್ತ ತಿಳೀತು ದೇವರ, ಪೂರಾ ಅಲ್ಲ, ಒಂದು ಚೂರು.
ನನ್ನ ಹಿಂದ ಒಂದು ಕೈ ಬರತದ.
ಗಂಜಿನ್ಯಾಗ ಕಣ್ಣು ಚೂಪಿದ್ದಾಗೂ ಬರತಿತ್ತೇನೋ,
ಆವಾಗ ತಿರುಗಿ ನೋಡೂ ಪುರಸತ್ತಿರಲಿಲ್ಲ.

ಇವತ್ತೂ ಬಂದಾಳ, ಮೊರ ಇಟ್ಟಾಳ.
ನಾ ಕಂಡದ್ದು ಆಕಿಗೆ ಹೇಳಿಲ್ಲ. ಹೇಳಂಗಿಲ್ಲ.
ಕಾಲು ಚಾಚಿ ಕುಂತು ತಡವರಸತೀನಿ.
ಸಿಕ್ಕಷ್ಟು ಹಳ್ಳು ನಂದು, ಉಳದದ್ದು ನಿಂದು.
ನಾ ಮರತ ಮಂದಿನ್ನ ನೀ ನೆನಪಿಟಗೋ,
ಅದರಾಗ ರಸೂಲಬಿನ್ನ ತಪ್ಪಸಬ್ಯಾಡ.
ಆಕಿಗೆ ಅಡಕಿ ಬಾಕಿ ಅದೀನಿ.

"ಅತ್ತಿ, ಆಯ್ತಾ?" ಅಂತಾಳ ಒಳಗಿಂದ.
ಇನ್ನೂ ಸ್ವಲ್ಪ ಅದ, ಅಂತೀನಿ.
ಬೆರಳಿಗೆ ಒಂದು ಹಳ್ಳು ಸಿಕ್ಕದ. ಇಲ್ಲಾ ಕಾಳು.
ಬಲಗಿವಿ ಹಂತ್ಯಾಕ ಹಿಡದು, ಉಗುರಿಲೆ ಬಡದು ನೋಡತೀನಿ.
ಗೊತ್ತಾಗಲ್ಲ.
ಮೊರದಾಗೇ ಬಿಡತೀನಿ.